ಕಟಿಂಗ್ ಟೇಬಲ್ಲಿನ ಕಡಲು

ಕಾಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬಸ್ಸಿಗೆ ಕಾಯುವವರನ್ನು ನೋಡಿದ್ದೇನೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರನ್ನು ನೋಡಿದ್ದೇನೆ, ಕೊಟ್ಟ ಬಟ್ಟೆ ಕೈಗೆ ಬರಲೆಂದು ನನ್ನ ಅಂಗಡಿಯ ಮುಂದೆಯೇ ಕಾದು ಕಾದು ತಲೆ ನರೆತವರನ್ನೂ ನೋಡಿದ್ದೇನೆ. ಅವರದೆಲ್ಲ ಚಿಲ್ಲರೆ ಕಾಯುವಿಕೆ. ನಾನು ‘ಉಕ್ಕಿನ ಅಲೆ’ಯ ಎರಡನೆಯ ಭಾಗಕ್ಕೆ ಕಾದೆನಲ್ಲ, ಆ ಕಾವಿಗೆ ನನ್ನ ಇಸ್ತ್ರಿ ಪೆಟ್ಟಿಗೆಗೆ ಕರೆಂಟೇ ಬೇಕಾಗಿರಲಿಲ್ಲ.

‘ಉಕ್ಕಿನ ಅಲೆ’ ಎಂದರೆ ಕಂಪ್ಯೂಟರಿನಲ್ಲಿ ಆಡುವ ನೌಕಾಯುದ್ಧದ ಆಟ. ಕಣ್ಣು ಮುಚ್ಚಿ ಢಮಾರ್ ಅನ್ನಿಸುವ ಹುಡುಗಾಟವಲ್ಲ. ಹಡಗನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ತಿರುಗಿಸಬೇಕು, ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಎಂದು ಕಣ್ಣಳತೆಯಲ್ಲೇ ಹೇಳಿ ತೋಪು ಸಿಡಿಸುವುದು ಹೇಗೆ, ಇವೆಲ್ಲ ತಲೆಯಿದ್ದವರ ಕೆಲಸ. ಅದರ ಮೊದಲ ಭಾಗವನ್ನು ನಾನು ನನ್ನ ನಾದಿನಿಯ ಎದುರು ಆಡಿದ್ದೆ. ನಾದಿನಿ ಎಂದರೆ ನನ್ನ ಹೆಂಡತಿಯ ಒಬ್ಬಳೇ ತಂಗಿ. ಸಿಟಿ ಬಸ್ಸಿನ ಡ್ರೈವರು. ಅವಳ ಮನೆಯ ಹಾಲಿನಲ್ಲಿ, ಊಟ ಮುಗಿಸಿ ಕಾಲು ಚಾಚಿ ಕೂತ ಸಮಸ್ತ ನೆಂಟರ ಕಣ್ಣೆದುರು ನನ್ನ ಇಡೀ ಪಡೆ ಮುಳುಗಿತು. ಮುಂದಿನ ಹಡಗು ಮರಳದಿಬ್ಬ ಹತ್ತಿತು. ಹಿಂದಿನದು ಅದಕ್ಕೆ ಗುದ್ದಿತು, ಅದರ ಹಿಂದಿನದು ಇದಕ್ಕೆ. ನಾದಿನಿ ಒಂದು ಗುಂಡನ್ನೂ ಖರ್ಚು ಮಾಡಬೇಕಾಗಲಿಲ್ಲ, ಬಾಳೆಹಣ್ಣು ತಿನ್ನುತ್ತಾ ಕೂತಿದ್ದಳು. ಏಳು ಸಮುದ್ರ ಹುಡುಕಿದರೂ ಅಷ್ಟು ಶಿಸ್ತಾಗಿ, ಸಾಲು ತಪ್ಪದೆ ಮುಳುಗಿದ ಇನ್ನೊಂದು ಪಡೆ ಸಿಗುವುದಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ಅವತ್ತು ಅವಳು ನನಗೊಂದು ಹೆಸರಿಟ್ಟಳು: ಮುಳುಗಡೆ ಟೈಲರ್.

ಹೆಸರಿಗೆ ಕಾಲು ಬಂತು. ಬಸ್ಸಿನಲ್ಲಿ ಕೂತು ಊರೆಲ್ಲ ಸುತ್ತಿತು. ಪ್ಯಾಂಟು ಹೊಲಿಸಲು ಬಂದವರು ಪಕ್ಕದ ದಿನಸಿ ಅಂಗಡಿಯವನನ್ನು “ಮುಳುಗಡೆ ಟೈಲರ್ ಎಲ್ಲಿ?” ಎಂದು ಕೇಳುವರು, ಅವನು ನನ್ನ ಬಾಗಿಲಿಗೆ ಬೆರಳು ತೋರಿಸಿ, “ಅಗೋ, ಗುಳ್ಳೆ ಬರ್ತಿದೆ ನೋಡಿ, ಅಲ್ಲೇ” ಎನ್ನುವನು. ಒಬ್ಬ ಹೊಸ ಗಿರಾಕಿಯಂತೂ ಕೋಟಿನ ಬಟ್ಟೆಯನ್ನು ಎದೆಗವಚಿಕೊಂಡು ನಿಂತು, “ಅಲ್ಲ ಸಾರ್, ಇದನ್ನ ಮುಳುಗಿಸಲ್ಲ ತಾನೇ?” ಎಂದ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಶಾಲೆ ಶುರುವಾಗುವ ಮುಂಚೆ, ಯೂನಿಫಾರ್ಮಿನ ನೂಕುನುಗ್ಗಲು ಬರುವಷ್ಟರಲ್ಲಿ, ಅಂಗಡಿಗೆ ಹೊಸ ಬೋರ್ಡು ಬರೆಸುವುದಿತ್ತು. ಅಂಗಡಿ ಕಟ್ಟಿದವರು ನನ್ನ ಮಾವ. ಇಷ್ಟು ವರ್ಷ ನಾನು ಹೊಲಿದದ್ದೆಲ್ಲ ಅವರ ಹೆಸರಿನ ಬೋರ್ಡಿನ ಕೆಳಗೆ. ಈಗ ಅವರ ಕಣ್ಣಿಗೆ ಸೂಜಿಯ ತೂತು ಕಾಣದಾಗಿ, “ಅಳಿಯಂದ್ರೇ, ಇನ್ನು ಬೋರ್ಡು ನಿಮ್ದು, ಏನ್ ಬೇಕಾದ್ರೂ ಬರೆಸ್ಕೊಳಿ” ಎಂದಿದ್ದರು. ನಾನು ಹೆಸರನ್ನೂ ಆರಿಸಿಟ್ಟಿದ್ದೆ: ಅಡ್ಮಿರಲ್ ಟೈಲರ್ಸ್. ನೌಕಾಪಡೆಯ ದೊಡ್ಡ ದಂಡನಾಯಕ! ಆ ಬೋರ್ಡು ನೋಡಿದರೆ ದಾರಿಹೋಕರು ತಾವಾಗಿಯೇ ನೆಟ್ಟಗೆ ನಿಲ್ಲಬೇಕು, ನಾನು ಹಾಗೆಯೇ ಅಳತೆ ತೆಗೆದುಕೊಳ್ಳಬೇಕು.

ಸುದ್ದಿ ಕಿವಿಗೆ ಬಿದ್ದದ್ದೇ ನಾದಿನಿ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಳು.

“ಏನ್ ಭಾವ, ‘ಉಕ್ಕಿನ ಅಲೆ’ ಎರಡನೇ ಭಾಗ ಬರ್ತಿದೆಯಂತೆ. ಲೈಫ್ ಜಾಕೆಟ್ ಹೊಲ್ಕೊಂಡ್ರಾ?”

“ನಿನಗೊಂದು ಹೊಲಿಯೋಣ ಅಂತ ಇದ್ದೆ. ನಿನ್ನ ಅಳತೆಗೆ ಒಂದು ತಾನು ಬಟ್ಟೆನೂ ಸಾಲ್ತಿಲ್ಲ.”

“ಅಡ್ಮಿರಲ್ ಅಂತ ಬೋರ್ಡ್ ಹಾಕ್ತೀರಂತೆ? ಹಡಗಿಲ್ಲದ ಅಡ್ಮಿರಲ್ಲು!”

“ಆಟ ಬರಲಿ, ತೋರಿಸ್ತೀನಿ.”

“ಸರಿ, ಪಂದ್ಯ. ಆಟ ಬಿಡುಗಡೆ ಆಗೋದು ಭಾನುವಾರ, ಪೇಂಟರ್ ಬರೋದೂ ಅವತ್ತೇ. ನೀವು ಗೆದ್ರೆ ಅಡ್ಮಿರಲ್ ಅಂತ ಬರೆಸಿ. ನಾನೂ ಬಸ್ಸಲ್ಲಿರೋ ಅಷ್ಟೂ ಜನರ ಮುಂದೆ ಅಡ್ಮಿರಲ್ ಭಾವ ಅಂತ್ಲೇ ಕರೀತೀನಿ. ನಾನು ಗೆದ್ರೆ ಬೋರ್ಡಿನ ಮೇಲೆ ಮುಳುಗಡೆ ಟೈಲರ್. ಒಪ್ಪಿಗೆನಾ?”

ಗುಂಡಿ ತೂರುವ ತೂತಿಗೆ ಕಾಜಾ ಹೊಡೆಯುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿ, “ಬೇಡ ರೀ” ಎನ್ನುವಷ್ಟರಲ್ಲಿ ನಾನು ಕೈ ಕುಲುಕಿಯಾಗಿತ್ತು. ಬಾಯಿಯ ಹೆಸರು ಬಾಯಲ್ಲೇ ಸಾಯಬಹುದು. ಬಣ್ಣದಲ್ಲಿ ಬರೆದ ಹೆಸರು ಹತ್ತು ಮಳೆಗಾಲಕ್ಕೂ ಜಗ್ಗುವುದಿಲ್ಲ. ಅದು ಗೊತ್ತಿದ್ದೇ ಕುಲುಕಿದೆ. ಸೋಲುವ ಯೋಚನೆ ಇದ್ದವನು ತಾನೇ ಅಂಜಬೇಕಾದ್ದು?

ಆಟ ಇನ್ನೂ ಹೊರಬಂದಿರಲಿಲ್ಲ. ಬಂದಿದ್ದು ಒಂದು ಚೂರು ಟ್ರೇಲರ್ ಮಾತ್ರ: ಕಣ್ಣು ಮಿಟುಕಿಸಿದರೆ ಮುಗಿದುಹೋಗುವಂಥದ್ದು. ಅದನ್ನು ನಾನು ಎಷ್ಟು ಸಲ ನೋಡಿದೆನೆಂದರೆ, ಕೊನೆಕೊನೆಗೆ ಫೋನು ನನ್ನ ಮುಖ ಕಂಡ ಕೂಡಲೇ ತಾನಾಗಿಯೇ ಅಲೆಯ ಸದ್ದು ಮಾಡುತ್ತಿತ್ತು. ನಿಲ್ಲಿಸಿ, ನಿಲ್ಲಿಸಿ, ಅದರಲ್ಲಿ ಕಂಡ ಒಂದೊಂದು ದ್ವೀಪವನ್ನೂ ನೀಲಿ ಲೈನಿಂಗ್ ಬಟ್ಟೆಯ ಮೇಲೆ ಮಾರ್ಕಿಂಗ್ ಚಾಕಿನಲ್ಲಿ ಇಳಿಸಿದೆ. ಬಟ್ಟೆಯನ್ನು ಕಟಿಂಗ್ ಟೇಬಲ್ಲಿಗೆ ಹಾಸಿದೆ. ಸಾಕ್ಷಾತ್ ಸಮುದ್ರ! ಉಪ್ಪೊಂದು ಕಡಿಮೆ. ಇಸ್ತ್ರಿ ಪೆಟ್ಟಿಗೆ ನನ್ನ ಮುಖ್ಯ ಹಡಗು, ದಾರ ಸುತ್ತಿದ ಪುಟ್ಟ ಬಾಬಿನ್‌ಗಳು ಅದರ ಬೆಂಗಾವಲು. ಹಡಗಿನ ತೋಪು ಎಡಬಲಕ್ಕೆ ಮಾತ್ರ ಹಾರುತ್ತದೆ, ಮೂತಿಯ ನೇರಕ್ಕೆ ಹಾರುವುದಿಲ್ಲ. ಒಂದು ಸರದಿಗೆ ಗೇಣುದ್ದ ಮುಂದಕ್ಕೆ ಹೋಗಬಹುದು ಅಥವಾ ಸ್ವಲ್ಪವೇ ತಿರುಗಬಹುದು. ದೂರವನ್ನು ಬಾಯಲ್ಲಿ ಮೊದಲು ಹೇಳಬೇಕು, ಆಮೇಲೆ ತನ್ನ ಹಡಗಿನಿಂದ ಟೇಪು ಹಾಕಿ ನೋಡಬೇಕು, ಹೇಳಿದ ಇಂಚಿನ ಗೆರೆ ಎದುರಾಳಿಯ ಹಡಗಿನ ಮೇಲೆ ಬಿದ್ದರೆ ಅದು ಮುಳುಗಿತು. ಟ್ರೇಲರಿನಲ್ಲಿ ಕಂಡಷ್ಟು ನಿಯಮ ಇಷ್ಟೇ.

ಹೆಂಡತಿ ನೋಡಿ ನೋಡಿ ಹೇಳಿದಳು: “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗಾಯ್ತು.”

“ಕುಲಾವಿ ಹೊಲಿಯೋದೇ ನನ್ನ ಕಸುಬು ಕಣೆ. ಕೂಸು ಹುಟ್ಟಿದ ಮೇಲೆ ತಲೆ ಅಳತೆ ತಗೊಂಡು ಕೂತರೆ, ಅಷ್ಟೊತ್ತಿಗೆ ಅದಕ್ಕೆ ನೆಗಡಿ ಆಗಿರುತ್ತೆ.”

“ಆ ಲೈನಿಂಗ್ ಯಾರ ಕೋಟಿಂದು?”

“ದೇಶಕ್ಕಾಗಿ ಕೊಟ್ಟಿದ್ದಾರೆ ಅಂದ್ಕೋ.”

ಅಭ್ಯಾಸಕ್ಕೆ ಶತ್ರುವಾಗಿ ನಿಂತವರು ಮಾವ. ದೊಡ್ಡ ದೊಡ್ಡ ಕೋಟಿನ ಗುಂಡಿಗಳು ಅವರ ಪಡೆ. ಪಾಪ, ಗುಂಡಿ ಎಲ್ಲಿದೆಯೆಂದು ಅವರು ತಡವಿ ನೋಡಬೇಕಿತ್ತು. ಆದರೆ ಐವತ್ತು ವರ್ಷ ಟೇಪು ಹಿಡಿದ ಕೈ ತಡವರಿಸುತ್ತಿರಲಿಲ್ಲ. ನಾನು ದೂರ ಹೇಳುವೆ, ಅವರು ಟೇಪು ಹಾಸುವರು, ಗೆರೆಯ ಮೇಲೆ ಬೆರಳಾಡಿಸಿ, “ಸತ್ತ” ಎನ್ನುವರು. ನನ್ನ ಕಣ್ಣಳತೆ ನೋಡಿ ಸ್ವತಃ ನನಗೇ ನನ್ನ ಬಗ್ಗೆ ಭಯಭಕ್ತಿ ಹುಟ್ಟಿತು. ರಸ್ತೆಯಾಚೆ ನಡೆದು ಹೋಗುವವನ ಸೊಂಟವನ್ನು ಕೂತಲ್ಲಿಂದ ಹೇಳುವವನು ನಾನು. ಗುಂಡಿ ಯಾವ ಲೆಕ್ಕ? ಇಟ್ಟ ಗುರಿ ತಪ್ಪಲಿಲ್ಲ. ಗಿರಾಕಿಗಳು ಅಂಗಡಿಯ ಬಾಗಿಲಲ್ಲಿ ನಿಂತು ಬಟ್ಟೆ ಕೇಳಿದರೆ, “ಯುದ್ಧ ನಡೀತಿದೆ, ಕಾಯಿರಿ” ಎಂದು ಮಾವನೇ ಗದರುತ್ತಿದ್ದರು.

ಹೀಗೆ ಹಲ್ಲು ಮಸೆಯುತ್ತಾ ಇರುವಾಗ, ಶನಿವಾರ ಮಧ್ಯಾಹ್ನ ಫೋನಿಗೆ ಸುದ್ದಿ ಬಂತು. ಆಟ ಮಾಡಿದ ಕಂಪನಿಯವರು ಕ್ಷಮೆ ಕೋರಿದ್ದರು: ಇನ್ನೂ ಕೆಲಸ ಬಾಕಿಯಿದೆ, ಬಿಡುಗಡೆ ಮುಂದಕ್ಕೆ ಹೋಗಿದೆ, ಹೊಸ ತಾರೀಕು ಆಮೇಲೆ ತಿಳಿಸುತ್ತೇವೆ. ಥೇಟ್ ಟೈಲರ್ ಮಾತು! ನನ್ನ ಗಿರಾಕಿಗಳ ಸಂಕಟ ನನಗೆ ಅರ್ಥವಾದದ್ದು ಜೀವಮಾನದಲ್ಲಿ ಅದೊಂದೇ ಸಲ.

ಅರ್ಧ ಗಂಟೆಯೊಳಗೆ ನಾದಿನಿಯ ಫೋನು.

“ಬಚಾವಾದ್ರಿ ಭಾವ. ಅಲೆ ಹಿಂದಕ್ಕೆ ಹೋಯ್ತು.”

“ಹಾಗಾದ್ರೆ ನಾಳೆ ಅಡ್ಮಿರಲ್ ಅಂತ ಬರೆಸಿಬಿಡ್ತೀನಿ.”

“ಅದ್ಹೇಗೆ? ಪಂದ್ಯ ಬಾಕಿ ಇದೆಯಲ್ಲ. ಆಟ ಬರೋತನಕ ಬೋರ್ಡು ಖಾಲಿ. ಅಥವಾ ಈಗ್ಲೇ ಸೋತೆ ಅಂತ ಹೇಳ್ಬಿಡಿ, ಸುಲಭ.”

ಬೇರೆಯವನಾಗಿದ್ದರೆ ಪೇಂಟರನ್ನು ಇನ್ನೊಂದು ತಿಂಗಳು ಬಿಟ್ಟು ಬಾ ಎನ್ನುತ್ತಿದ್ದ. ನನ್ನ ಮೈಯಲ್ಲಿ ಹರಿಯುವುದು ರಕ್ತವಲ್ಲ, ಗಂಟು ಹಾಕಿದ ದಪ್ಪನೆಯ ಇಪ್ಪತ್ತನೇ ನಂಬರ್ ದಾರ. “ಆಟ ಬಂದರೆ ಬರಲಿ, ಬಿಟ್ಟರೆ ಬಿಡಲಿ” ಎಂದೆ. “ಸಮುದ್ರ ನನ್ನ ಟೇಬಲ್ ಮೇಲಿದೆ. ನಾಳೆ ಡ್ಯೂಟಿ ಮುಗಿಸಿ ಬಾ. ಇಲ್ಲೇ ತೀರ್ಮಾನ.”

ಆ ಕಡೆಯಿಂದ ಅವಳು, “ಈಜೋಕೆ ಬರುತ್ತಾ ಭಾವ?” ಎಂದಳು.

ಭಾನುವಾರ ಮಧ್ಯಾಹ್ನ ಅವಳು ಬಂದಾಗ ಪೇಂಟರ್ ಏಣಿಯ ಮೇಲೆ ಕೂತು ಹಳೇ ಬೋರ್ಡಿಗೆ ಬಿಳಿ ಬಳಿದು ಮುಗಿಸಿದ್ದ. ಮಾವನ ಹೆಸರು ಮಾಯವಾಗಿತ್ತು. “ಏನ್ ಬರೀಬೇಕು ಅಂತ ಯಾರಾದ್ರೂ ಹೇಳ್ರಪ್ಪಾ” ಎಂದ. “ಇರು, ಯುದ್ಧ ಮುಗೀಲಿ” ಎಂದೆ. ಅವನು ಕುಂಚ ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಬಂದು, ಹೊಲಿಗೆ ಯಂತ್ರಕ್ಕೆ ಒರಗಿ ನಿಂತ. ಅವನ ಹಿಂದೆ ದಿನಸಿ ಅಂಗಡಿಯವನು. ನೋಡಲು ಬಂದ ಜನ ರಸ್ತೆಯುದ್ದಕ್ಕೂ ನಿಂತಿದ್ದರೆಂದು ಹೇಳಿದರೆ ನೀವು ನಂಬಬೇಕು, ಏಕೆಂದರೆ ನಾನೇ ಹೇಳುತ್ತಿದ್ದೇನೆ.

ನಾದಿನಿ ಮಾವನ ಗುಂಡಿಗಳನ್ನು ತನ್ನ ಪಡೆಯಾಗಿ ತೆಗೆದುಕೊಂಡಳು. ಮುಖ್ಯ ಹಡಗಾಗಿ ತನ್ನ ಉದ್ದನೆಯ ಟಿಫಿನ್ ಡಬ್ಬಿಯನ್ನು ಇಟ್ಟಳು. ಮಾವ ಟೇಪಿಗೆ ಕೈ ಹಾಕಿದಾಗ ತಡೆದಳು.

“ಅಪ್ಪ, ನೀನು ಅಳಿಯನ ಪಾರ್ಟಿ. ಟೇಪು ಅಕ್ಕ ಹಿಡೀಲಿ.”

“ನಾನು ಯಾರ ಪಾರ್ಟಿನೂ ಅಲ್ಲ” ಎಂದಳು ನನ್ನ ಹೆಂಡತಿ, ಟೇಪು ಕಿತ್ತುಕೊಳ್ಳುತ್ತಾ. “ಬೇಗ ಮುಗಿಸಿ. ಕಾಜಾ ಬಾಕಿ ಇದೆ.”

ಮೊದಲ ಗುಂಡು ನನ್ನದು. ದ್ವೀಪದ ಸಂದಿಯಿಂದ ಒಂದು ಗುಂಡಿ ಇಣುಕಿತ್ತು. ಕಣ್ಣು ಕಿರಿದಾಗಿಸಿ, “ಮೂವತ್ನಾಲ್ಕು!” ಎಂದು ಗುಡುಗಿದೆ. ಗೋಡೆಯ ಹ್ಯಾಂಗರುಗಳು ನಡುಗಿದವು. ಹೆಂಡತಿ ಟೇಪು ಹಾಸಿದಳು. ಮೂವತ್ನಾಲ್ಕರ ಗೆರೆ ಗುಂಡಿಯನ್ನು ದಾಟಿ ಆಚೆ ನೀರಿಗೆ ಬಿತ್ತು.

“ಮೀನು ಸತ್ತವು” ಎಂದಳು ನಾದಿನಿ.

ಎರಡನೆಯದೂ ಹಾಗೆಯೇ, ಹಡಗು ದಾಟಿ ಹಿಂದೆ. ಮೂರನೆಯದೂ. ಅಭ್ಯಾಸದಲ್ಲಿ ಒಂದೂ ತಪ್ಪದ ನನ್ನ ಗುಂಡುಗಳು, ಅವಳ ತಲೆ ಸವರಿಕೊಂಡು ಹೋಗಿ ಬೆನ್ನ ಹಿಂದೆ ಬೀಳುತ್ತಿದ್ದವು. ಅವಳು ಅವಸರವಿಲ್ಲದೆ ನನ್ನ ಒಂದೊಂದೇ ಬಾಬಿನ್ನನ್ನು ತೆಗೆದು ಕಿಟಕಿಯ ಮೇಲಿಡುತ್ತಾ ಬಂದಳು. ಇಸ್ತ್ರಿ ಪೆಟ್ಟಿಗೆಯಂತೂ ದೊಡ್ಡ ಗುರಿ, ಕುರುಡನಿಗೂ ತಪ್ಪುವಂತಿರಲಿಲ್ಲ. ಅದು ಮುಳುಗಿದಾಗ ಪೇಂಟರ್ ಮೆಲ್ಲಗೆ ಹೊರಗೆ ಹೋಗಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು ಬಂದ.

“ಟೇಪ್ ಸರಿಯಿಲ್ಲ!” ಎಂದೆ.

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ” ಎಂದಳು ನಾದಿನಿ.

ಅಷ್ಟರಲ್ಲಿ ಮೂಲೆಯ ಸ್ಟೂಲಿನಿಂದ ಮಾವನ ದನಿ: “ಮಗಳೇ, ಟೇಪಿನ ಕೆಳಗೆ ಬೆರಳು ಇಟ್ಟಿದ್ದೀಯಾ?”

“ಯಾಕಪ್ಪ ಇಡ್ಲಿ?” ಎಂದಳು ನನ್ನ ಹೆಂಡತಿ. “ಸೊನ್ನೆಯಿಂದ ಹಿಡಿದಿದ್ದೀನಿ. ಕಾಜಾ ಹೊಡೆಯೋಳು ನಾನು. ಗುಂಡಿ ಎಷ್ಟೋ ತೂತು ಅಷ್ಟೇ.”

“ನಾನು ಇಡ್ತಿದ್ದೆ” ಎಂದರು ಮಾವ. “ಅಳಿಯಂದ್ರ ಹಡಗಿನ ಹಿಂದೆ ಎರಡು ಬೆರಳು ಬಿಟ್ಟೇ ಟೇಪು ಶುರು ಮಾಡ್ತಿದ್ದೆ. ಕೈ ಬಿಡಬೇಕಲ್ಲ ಅಭ್ಯಾಸ! ಅಳಿಯಂದ್ರೇ, ನೀವೂ ಲೂಸು ಬಿಟ್ಟೇ ಹೇಳ್ತಿದ್ದೀರಿ ಕಣ್ರೀ.”

ನನಗೆ ಸಿಡಿಲು ಬಡಿಯಿತು. ದರ್ಜಿಯಾದವನು ಇದ್ದ ಅಳತೆಯನ್ನು ಇದ್ದ ಹಾಗೆ ಎಂದೂ ಹೇಳುವುದಿಲ್ಲ. ಮೈಗೆ ಕಣ್ಣಿಟ್ಟರೆ ಮೂವತ್ತೆರಡು ಕಾಣುತ್ತದೆ, ನಾಲಿಗೆ ಮಾತ್ರ ಮೂವತ್ನಾಲ್ಕು ಎನ್ನುತ್ತದೆ. ಮನುಷ್ಯ ಕೂರಬೇಕು, ಏಳಬೇಕು, ಉಣ್ಣಬೇಕು, ಉಸಿರಾಡಬೇಕು. ನಾನು ಶತ್ರುವಿನ ಹಡಗಿಗೆ ಉಸಿರಾಡಲು ಜಾಗ ಬಿಡುತ್ತಿದ್ದೆ! ಮಾವ ಬೆರಳಿಟ್ಟು ಹಿಂದಿನಿಂದ ಅಳೆದು ಅದನ್ನು ಸರಿಮಾಡುತ್ತಿದ್ದರು. ಇಬ್ಬರು ದರ್ಜಿಗಳ ಎರಡು ಲೂಸು ಸೇರಿ ಒಬ್ಬ ಮಹಾವೀರನನ್ನು ಹುಟ್ಟಿಸಿದ್ದವು.

ಈಗ ನನ್ನ ಬಳಿ ಉಳಿದದ್ದು ಒಂದೇ ಒಂದು ಬಾಬಿನ್. ಅವಳ ಕಡೆ ಎರಡು ಗುಂಡಿ, ಒಂದು ಡಬ್ಬಿ.

“ಶರಣಾಗಿ ಭಾವ. ಪೇಂಟರಿಗೆ ಮನೆಗೆ ಹೋಗೋದಿದೆ.”

“ಒಂದು ಹಡಗು ಇರೋವರೆಗೆ ನಾನು ಸಮುದ್ರ ಬಿಡಲ್ಲ.”

ಆಗ ನಾನು ಮಾಡಿದ್ದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಟೇಬಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದೆ. ಗುಂಡಿಯನ್ನು ನೋಡಿದೆ. ಇಪ್ಪತ್ತಮೂರು ಕಂಡಿತು. ನಾಲಿಗೆ ಇಪ್ಪತ್ತೈದಕ್ಕೆ ಜಗ್ಗಿತು. ಮೊಂಡು ಕತ್ತೆ, ಹಗ್ಗ ಕಿತ್ತುಕೊಂಡು ಹಳೇ ದಾರಿಗೇ ಎಳೆಯಿತು. ನಾನು ಹಲ್ಲು ಕಚ್ಚಿ ಅದನ್ನು ಹಿಂದಕ್ಕೆಳೆದೆ. ಬೆವರು ಸಮುದ್ರಕ್ಕೆ ತೊಟ್ಟಿಕ್ಕಿತು, ಕಡಿಮೆಯಿದ್ದ ಉಪ್ಪೂ ಬಂತು.

“ಇಪ್ಪತ್... ಮೂರು!”

ಟೇಪು ಬಿತ್ತು. ಗೆರೆ ಗುಂಡಿಯ ನಾಲ್ಕು ತೂತಿನ ನಟ್ಟನಡುವೆ.

“ಸತ್ತ!” ಎಂದು ಮಾವ ಸ್ಟೂಲಿನಿಂದ ಎದ್ದೇಬಿಟ್ಟರು.

ಅವಳ ಗುಂಡು ಬಾಬಿನ್ ದಾಟಿ ಆಚೆ ಬಿತ್ತು. ಬಾಬಿನ್ ಚಿಕ್ಕದು, ಸಿಗುವುದು ಕಷ್ಟ. ಮುಂದಿನ ಸರದಿಗೆ ನಾನು ಇನ್ನೊಂದು ಗುಂಡಿಯನ್ನೂ ತೆಗೆದೆ. ದಿನಸಿ ಅಂಗಡಿಯವನು ಶಿಳ್ಳೆ ಹೊಡೆದ. ನಾದಿನಿಯ ಮುಖದಿಂದ ನಗು ಇಳಿಯಿತು. ಅವಳು ಖಾಕಿಯ ತೋಳು ಮಡಚಿದಳು.

ಈಗ ಬಾಬಿನ್ ಒಂದು, ಡಬ್ಬಿ ಒಂದು. ಡಬ್ಬಿ ನನಗೆ ಮೂತಿ ಕೊಟ್ಟು ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿತ್ತು. ಅಲ್ಲಿಂದ ಅದು ಗುಂಡು ಹಾರಿಸಲಾರದು ಎಂದುಕೊಂಡೆ. ಆದರೆ ಅವಳು ದಿನವಿಡೀ ಉದ್ದನೆಯ ಬಸ್ಸನ್ನು ಸಂದಿಗೊಂದಿಗಳಲ್ಲಿ ತಿರುಗಿಸುವವಳು. ತಿರುವು ಬಂದಮೇಲೆ ತಿರುಗಿಸುವವರು ನಾವು ನೀವು. ಅವಳು ತಿರುವು ಬರುವ ಎಷ್ಟೋ ಮೊದಲೇ, ನಾನು ಗುಂಡಿ ಬೇಟೆಯಲ್ಲಿ ಮೈಮರೆತಿದ್ದಾಗಲೇ, ಪ್ರತಿ ಸರದಿಗೂ ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಬಂದಿದ್ದಳು. ಇನ್ನೊಂದು ಸರದಿ, ಅದರ ಪಕ್ಕೆ ನನ್ನತ್ತ ಬರುತ್ತಿತ್ತು.

ಅಂದರೆ ನನಗಿದ್ದದ್ದು ಒಂದೇ ಗುಂಡು.

ಡಬ್ಬಿಯ ಮೂತಿ ಸಣ್ಣ ಗುರಿ. ನೋಡಿದೆ. ಹತ್ತೊಂಬತ್ತು. ಆದರೆ ಎಲ್ಲಾದರೂ ನಾಲಿಗೆ ಮತ್ತೆ ಲೂಸು ಬಿಟ್ಟಿದ್ದರೆ? ಕಣ್ಣೇ ಲೂಸು ಸೇರಿಸಿ ತೋರಿಸುತ್ತಿದ್ದರೆ? ಇನ್ನೊಂದಿಷ್ಟು ಕತ್ತರಿಸಿದೆ.

“ಹದಿನೆಂಟು!”

ಹೆಂಡತಿ ಟೇಪು ಹಾಸಿ, ಬಗ್ಗಿ, ಬಹಳ ಹೊತ್ತು ನೋಡಿದಳು. ಡಬ್ಬಿಯ ಮೂತಿಗೂ ಗೆರೆಗೂ ನಡುವೆ ಒಂದು ದಾರ ತೂರುವಷ್ಟು ಜಾಗ.

“ಬಿಗಿಯಾಯ್ತು ಕಣ್ರೀ” ಎಂದಳು. ಅಷ್ಟು ಮೆದುವಾಗಿ ಅವಳು ನನ್ನ ಜೊತೆ ಮಾತಾಡಿದ್ದು ನೆನಪಿಲ್ಲ.

ಡಬ್ಬಿ ಪಕ್ಕೆ ತಿರುಗಿಸಿತು. ನಾದಿನಿ ತಲೆ ಓರೆ ಮಾಡಿ ನೋಡಿ, “ಹದಿನೆಂಟೂವರೆ” ಎಂದಳು. ಬಾಬಿನ್ ಹೋಯಿತು.

ಪೇಂಟರ್ ಕಿವಿಯ ಕುಂಚ ಕೈಗೆ ತೆಗೆದುಕೊಂಡು, “ಹಾಗಾದ್ರೆ... ಏನ್ ಬರೀಲಿ?” ಎಂದ.

ನಾದಿನಿ ನನ್ನ ಮುಖ ನೋಡಿದಳು, ಮಾವನ ಮುಖ ನೋಡಿದಳು. “ಭಾವ, ಬಿಡಿ. ತಮಾಷೆಗೆ ಅಂದಿದ್ದು. ನಿಮ್ಮ ಮೊದಲನೇ ಬೋರ್ಡು. ಇಷ್ಟ ಬಂದಿದ್ದು ಬರೆಸ್ಕೊಳಿ, ನಾನು ಏನೂ ಅನ್ನಲ್ಲ.”

ಅಡ್ಮಿರಲ್ ಎಂಬ ಮಾತು ಗಂಟಲಿನವರೆಗೆ ಬಂತು. ಬರೆಸಬಹುದಿತ್ತು. ಆದರೆ ಪ್ರತಿದಿನ ಅದರ ಕೆಳಗೆ ಕೂತು ಹೊಲಿಯುವವನು ನಾನು. ಭಿಕ್ಷೆಗೆ ಸಿಕ್ಕ ಟೊಪ್ಪಿಗೆ ನನ್ನ ತಲೆಗೆ ಹಿಡಿಸುವುದಿಲ್ಲ. ನನ್ನ ತಲೆಯ ಗಾತ್ರ ಊರಿಗೇ ಗೊತ್ತು.

“ಮುಳುಗಡೆ ಟೈಲರ್” ಎಂದೆ ಪೇಂಟರಿಗೆ. “ಬೋರ್ಡ್ ತುಂಬ ಬರಿ. ಆ ತುದಿಯಿಂದ ಈ ತುದಿಗೆ. ಬಸ್ ಸ್ಟ್ಯಾಂಡಿನವರೆಗೂ ಕಾಣಬೇಕು.”

“ಅಷ್ಟು ದೊಡ್ಡದಾ?” ಎಂದ ಅವನು.

“ಆಟ ಬಿಡುಗಡೆ ಆದ ದಿನ ನೀನೇ ಬಂದು ಅಳಿಸ್ತೀಯ. ಏನು ಅಳಿಸಿದೆ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕಲ್ಲ.”

“ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ!” ಎಂದು ನಾದಿನಿ ನಕ್ಕಳು. “ಆಯ್ತು ಭಾವ. ಮತ್ತೆ ಪಂದ್ಯ. ಇದೇ ಬೋರ್ಡು.”

ನಾನು ಮತ್ತೆ ಕೈ ಕುಲುಕಿದೆ. ಹೆಂಡತಿ ಈ ಸಲ ‘ಬೇಡ ರೀ’ ಎನ್ನಲಿಲ್ಲ.

ಆಟದ ಹೊಸ ತಾರೀಕು ಇನ್ನೂ ಬಂದಿಲ್ಲ. ಒಳ್ಳೆಯದೇ, ನನ್ನ ನಾಲಿಗೆ ಇನ್ನೂ ಪಳಗುತ್ತಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಲೂಸಿಲ್ಲದೆ, ಬಿಗಿಯಿಲ್ಲದೆ, ಇದ್ದ ಹಾಗೆ ಹೇಳುವುದು ಈಗ ನನ್ನ ವ್ರತ. ಮೊದಮೊದಲು ಅದು ಕೆಲಸಕ್ಕೂ ಅಂಟಿ, ಒಬ್ಬ ಮೇಷ್ಟರಿಗೆ ಕೊಟ್ಟ ಪ್ಯಾಂಟು ಅವರ ಉಸಿರನ್ನೇ ನಿಲ್ಲಿಸಿತು. ಅವರು ಅಂಗಡಿಗೆ ನಡೆದು ಬಂದದ್ದಲ್ಲ, ಕಂಬದ ಹಾಗೆ ಉರುಳಿಕೊಂಡು ಬಂದರು. ಮಾವ ಬೈದರು: “ಅಳಿಯಂದ್ರೇ, ಮನುಷ್ಯರಿಗೆ ಲೂಸು ಬಿಡಿ, ಹಡಗಿಗೆ ಬೇಡ.” ಅಂದಿನಿಂದ ನನಗೆ ಎರಡು ನಾಲಿಗೆ.

ದಿನಾ ಬೆಳಗ್ಗೆ ಅವಳ ಬಸ್ಸು ಈ ರಸ್ತೆಗೆ ಬರುತ್ತದೆ. ಅಂಗಡಿಯ ಹತ್ತಿರ ನಿಂತಾಗ ಕಂಡಕ್ಟರ್ ಬಾಗಿಲಿಗೆ ಹೊಡೆದು, “ಮುಳುಗಡೆ ಟೈಲರ್ ಸ್ಟಾಪ್! ಇಳಿಯೋರು ಇಳೀರಿ!” ಎಂದು ಕೂಗುತ್ತಾನೆ. ಕಲಿಸಿಕೊಟ್ಟವಳು ಯಾರೆಂದು ಬೇರೆ ಹೇಳಬೇಕೆ? ಬಸ್ಸು ತುಂಬ ನಗು. ನಾನು ಕತ್ತರಿ ಕೆಳಗಿಟ್ಟು, ಹೊಸ್ತಿಲಿನಲ್ಲಿ ನಿಂತು, ಬಸ್ಸಿನ ಮುಂದಿನ ಚಕ್ರವನ್ನು ನೋಡುತ್ತೇನೆ.

“ಇನ್ನೂರ ಹದಿನಾಲ್ಕು ಇಂಚು!” ಎಂದು ರಸ್ತೆಗೆಲ್ಲ ಕೇಳುವಂತೆ ಕೂಗುತ್ತೇನೆ.

ಆಮೇಲೆ ಟೇಪು ಹಿಡಿದು ಇಳಿಯುತ್ತೇನೆ. ಆ ತುದಿಯನ್ನು ಹೊಸ್ತಿಲಿನಲ್ಲಿ ನನ್ನ ಹೆಂಡತಿ ಒತ್ತಿ ಹಿಡಿದಿರುತ್ತಾಳೆ, ಸೊನ್ನೆಯಿಂದ. ಪ್ರಯಾಣಿಕರು ಕಿಟಕಿಯಿಂದ ಕುತ್ತಿಗೆ ಚಾಚಿ ನೋಡುತ್ತಾರೆ. ಟೇಪು ಚಿಕ್ಕದು, ನಾಲ್ಕು ಸಲ ಹಾಸಬೇಕು. ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತವೆ, ಹೊಡೆಯಲಿ. ಇವತ್ತು ಬೆಳಗ್ಗೆ ಗೆರೆ ಟೈರಿನ ರಬ್ಬರಿನ ಮೇಲೇ ಬಿತ್ತು.

ನಾನು ತಲೆಯೆತ್ತಿ ನೋಡಿದೆ. ಸ್ಟೀರಿಂಗ್ ಹಿಂದೆ ನಾದಿನಿ ನಗುತ್ತಿರಲಿಲ್ಲ.